ಮುಗಿಯದ ಆಟವೂ ಕೊಟ್ಟ ಮಾತೂ

ಹೋಟೆಲಿನ ವ್ಯವಹಾರದಲ್ಲಿ ಪಳಗಿದವರೆಲ್ಲರೂ ಅರಿತಿರುವ ಸಂಗತಿಯೊಂದುಂಟು. ದಿನವೂ ಬರುವ ಗಿರಾಕಿಯು ಪರಸ್ಪರ ವಿರುದ್ಧವಾದ ಎರಡು ಬಯಕೆಗಳನ್ನು ಒಂದೇ ಮನಸ್ಸಿನಲ್ಲಿ ಹೊತ್ತು ತರುವನು. “ದಿನಾಲೂ ಅದೇ ಸಾಂಬಾರೇ?” ಎಂದು ಮುಖ ಸಿಂಡರಿಸುವವನೂ ಅವನೇ; ಒಂದು ದಿನ ಸಾಂಬಾರಿನ ಪುಡಿ ಬದಲಾಯಿತೆಂದರೆ “ಮೊದಲಿನ ರುಚಿ ಎಲ್ಲಿ ಹೋಯಿತು?” ಎಂದು ಕೇಳುವವನೂ ಅವನೇ. ಹೊಸದೂ ಬೇಕು, ಹಳೆಯದೂ ಕೆಡಬಾರದು. ಈ ಎರಡರ ನಡುವೆ ದಾರಿಯನ್ನು ಕಂಡುಕೊಂಡ ಹೋಟೆಲು ಬದುಕುವುದು; ಕಾಣದ ಹೋಟೆಲಿನ ಬೋರ್ಡು ವರ್ಷ ತುಂಬುವುದರೊಳಗೆ ಇಳಿಯುವುದು.

ಇಂದು ಈ ಮಾತನ್ನೆತ್ತಲು ಕಾರಣವು ಸಾಂಬಾರಲ್ಲ, ಅಂಗೈಯೊಳಗಣ ಮೊಬೈಲಿನ ಆಟ. ಪೇಶವೆ ಮನೆತನದ ಸದಾಶಿವರಾವ್ ಭಾವೂ ಅವರ ಹೆಸರನ್ನು ಹೊತ್ತಿರುವ ಈ ಸದಾಶಿವ ಪೇಠೆಯಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಎಚ್ಚರವಾಗಿರುವ ಯುವಕರು ಎರಡು ಬಗೆಯವರು. ಅಭ್ಯಾಸಿಕೆಗಳಲ್ಲಿ ಕುಳಿತು ಸ್ಪರ್ಧಾ ಪರೀಕ್ಷೆಗಳಿಗೆ ಓದುವವರು ಒಂದು ಬಗೆ. ಅವರಿಗೆ ಊಟ ಬಡಿಸಿ, ಮೇಜು ಒರೆಸಿ, ಭಟ್ಟಿಯನ್ನು ಆರಿಸಿ ಮಾಳಿಗೆಯ ಕೋಣೆಯನ್ನೇರಿದ ನಮ್ಮ ಹುಡುಗರು ಇನ್ನೊಂದು ಬಗೆ. ಚಾಪೆಯ ಮೇಲೆ ಮೈಚಾಚಿದ ಮೇಲೆಯೂ ಅವರ ಮುಖದ ಮೇಲೆ ಮೊಬೈಲಿನ ನೀಲಿ ಬೆಳಕು ಆಡುತ್ತಿರುವುದು. ಆಫೀಸಿನ ಗುಮಾಸ್ತರ ಮನೆಗಳಲ್ಲಿಯೂ ಇದೇ ಬೆಳಕು. ದುಡಿಮೆಯ ಹಣದಲ್ಲಿ ಒಂದು ಪಾಲು ಊರಿಗೆ ಹೋಗುವುದು, ಒಂದು ಪಾಲು ಬಾಡಿಗೆಗೆ. ಉಳಿದುದರಲ್ಲಿ ಸಣ್ಣದೊಂದು ಪಾಲು ಈ ಆಟಗಳಿಗೆ ಸಂದಾಯವಾಗುತ್ತಿರುವುದನ್ನು ನಾವು ಬಲ್ಲೆವು.

“ಆಡಬೇಡಿರಿ” ಎಂದು ಉಪದೇಶಿಸುವುದು ನಮ್ಮ ಉದ್ದೇಶವಲ್ಲ. ದಿನವಿಡೀ ನಿಂತು ದುಡಿದವನಿಗೆ ವಿನೋದವೊಂದು ಬೇಕೇ ಬೇಕು. ಆದರೆ ಹಣವನ್ನೂ ನಿದ್ರೆಯನ್ನೂ ತೆತ್ತು ಆಡುವವನು ಆಟವನ್ನು ಮಾಡಿದವನಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ವಿಚಾರಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಮರಳಿನ ಅಂಗಳ

ಈ ಆಟಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕತೆಯುಳ್ಳವು ಒಂದು ಜಾತಿ. ಸಿನಿಮಾದಂತೆ ಅವಕ್ಕೆ ಆದಿಯುಂಟು, ಅಂತ್ಯವುಂಟು. ಮತ್ತೊಂದು ಜಾತಿಗೆ ‘ಸ್ಯಾಂಡ್‌ಬಾಕ್ಸ್’ ಎಂದು ಹೆಸರು. ಮಕ್ಕಳ ಮುಂದೆ ಮರಳಿನ ರಾಶಿಯನ್ನು ಸುರಿದು “ಬೇಕಾದುದನ್ನು ಕಟ್ಟಿಕೊಳ್ಳಿರಿ” ಎಂದು ಬಿಟ್ಟಂತೆ ಇದರ ರೀತಿ. ಇಲ್ಲಿ ಗೆಲುವೆಂಬುದಿಲ್ಲ, ಮುಗಿಯುವುದೆಂಬುದೂ ಇಲ್ಲ. ಆಡುವವರೇ ಮನೆ ಕಟ್ಟುವರು, ಗಣಿ ತೋಡುವರು, ವ್ಯಾಪಾರ ಹೂಡುವರು, ಬೇರೆ ಬೇರೆ ದೇಶಗಳಲ್ಲಿ ಕುಳಿತೇ ಒಂದು ಊರನ್ನು ಕಟ್ಟುವರು.

ಇವುಗಳಲ್ಲೆಲ್ಲಾ ಸುಪ್ರಸಿದ್ಧವಾದುದು ‘ಮೈನ್‌ಕ್ರಾಫ್ಟ್’. ಸ್ವೀಡನ್ ದೇಶದ ಮಾರ್ಕುಸ್ ಪೆರ್ಸನ್ ಎಂಬವರು ೨೦೦೯ರ ಮೇ ತಿಂಗಳಿನಲ್ಲಿ ಇದನ್ನು ಮೊದಲು ಹೊರಗೆ ತಂದರು. ಆಗ ಅದು ಅರೆಬೆಂದ ಅನ್ನದಂತಿತ್ತು. ಆದರೂ ಅದನ್ನು ಕಡಮೆ ಬೆಲೆಗೆ ಮಾರುತ್ತ, ಕೊಂಡವರ ಸಲಹೆಗಳನ್ನು ಕೇಳುತ್ತ, ಕೆಲವು ದಿನಗಳಿಗೊಮ್ಮೆ ಹೊಸತೇನನ್ನಾದರೂ ಸೇರಿಸುತ್ತ ಹೋದರು. ೨೦೧೧ರ ನವೆಂಬರ್ ೧೮ರಂದು ಅದು ಪೂರ್ಣರೂಪದಲ್ಲಿ ಪ್ರಕಟವಾಯಿತು. ೨೦೧೪ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಆಟವನ್ನೂ ಅದನ್ನು ಮಾಡಿದ ಮೊಯಾಂಗ್ ಸಂಸ್ಥೆಯನ್ನೂ ೨೫೦ ಕೋಟಿ ಡಾಲರಿಗೆ ಕೊಂಡಿತು. ೨೦೨೩ರ ವೇಳೆಗೆ ಮಾರಾಟವಾದ ಪ್ರತಿಗಳು ೩೦ ಕೋಟಿಯನ್ನು ಮೀರಿದ್ದುವು. ಒಮ್ಮೆ ಹಣ ತೆತ್ತು ಕೊಂಡವನಿಗೆ ಅಲ್ಲಿಂದಾಚೆಗಿನ ಅಪ್‌ಡೇಟುಗಳು ಪುಕ್ಕಟೆಯಾಗಿ ಬರುತ್ತಲೇ ಇದ್ದುವು.

ಇದೊಂದು ಆಟವು ಲೋಕದ ಆಟಗಾರರ ನಾಲಿಗೆಗೆ ಹೊಸ ರುಚಿಯನ್ನು ಹತ್ತಿಸಿತೆನ್ನಬೇಕು. ಆಟವೆಂಬುದು ಕೊಂಡ ದಿನವೇ ಮುಗಿದ ವಸ್ತುವಲ್ಲ, ಅದು ಬೆಳೆಯುತ್ತಿರಬೇಕಾದುದು ಎಂಬ ಭಾವನೆ ಜನರಲ್ಲಿ ಬೇರೂರಿತು. ಊಟದ ತಟ್ಟೆಯ ಬೆಲೆಯನ್ನು ಒಂದು ಸಲ ಕೊಟ್ಟು ವರ್ಷಗಟ್ಟಲೆ ಬಡಿಸುತ್ತಿರೆಂದು ಕುಳಿತರೆ ಯಾವ ಹೋಟೆಲು ನಡೆದೀತು? ಆದರೆ ಇಲ್ಲಿ ಅದು ನಡೆದುಬಿಟ್ಟಿತು. ದಿನವೂ ಹೊಸ ಕೊಳ್ಳುವವರು ಬರುತ್ತಿದ್ದುದರಿಂದ ಹಳಬರಿಗೆ ಬಡಿಸುವ ಖರ್ಚು ಗಿಟ್ಟಿತು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ.

ಬೇಯಿಸುವ ವೇಗ, ಉಣ್ಣುವ ವೇಗ

ಆಟದೊಳಗಣ ಸಾಮಗ್ರಿಯನ್ನು ಸಿದ್ಧಪಡಿಸಲು ತಿಂಗಳುಗಳು ಬೇಕು. ಅದನ್ನು ಆಡಿ ಮುಗಿಸಲು ಒಂದು ರಾತ್ರಿ ಸಾಕು. ೧೯೯೭ರಲ್ಲಿ ಅಮೆರಿಕದಿಂದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟ ಹೊರಬಂತು. ಅದರ ಕರ್ತರಾದ ರಿಚರ್ಡ್ ಗ್ಯಾರಿಯಟ್ಟರೂ ಅವರ ಸಂಗಡಿಗರೂ ನಿಜವಾದ ಕಾಡಿನಂತಹ ವ್ಯವಸ್ಥೆಯೊಂದನ್ನು ಬಹಳ ಶ್ರಮವಹಿಸಿ ರೂಪಿಸಿದ್ದರು. ಹುಲ್ಲು ಬೆಳೆಯುವುದು, ಮೊಲ ಹುಲ್ಲನ್ನು ಮೇಯುವುದು, ತೋಳ ಮೊಲವನ್ನು ಬೇಟೆಯಾಡುವುದು, ಒಂದು ಕಡಮೆಯಾದರೆ ಇನ್ನೊಂದು ಅಲೆದಾಡುವುದು, ಹೀಗೆ ಲೆಕ್ಕಾಚಾರ. ಆದರೆ ಆಟಗಾರರು ಒಳಹೊಕ್ಕವರೇ ಕಣ್ಣಿಗೆ ಬಿದ್ದ ಪ್ರಾಣಿಗಳನ್ನೆಲ್ಲ ಕೊಂದು ಹಾಕಿದರು. ಹುಟ್ಟುವ ವೇಗಕ್ಕಿಂತ ಸಾಯುವ ವೇಗ ಹೆಚ್ಚಾಗಿ, ಇಡೀ ವ್ಯವಸ್ಥೆಯನ್ನೇ ತೆಗೆದುಹಾಕಬೇಕಾಯಿತು. ಅಂತಹದೊಂದು ಅದರೊಳಗೆ ಇತ್ತೆಂಬುದೇ ಅನೇಕ ಆಟಗಾರರಿಗೆ ತಿಳಿಯಲಿಲ್ಲ!

ನೂರು ಜನರಿಗೆಂದು ಮಾಡಿದ ಹೋಳಿಗೆಯನ್ನು ಮೊದಲ ಪಂಕ್ತಿಯವರೇ ಮುಗಿಸಿದಂತಾಯಿತು ಇದು. ಆದುದರಿಂದ “ಅಪ್‌ಡೇಟ್ ಯಾವಾಗ?” ಎಂಬ ಕೂಗು ಎಲ್ಲೆಲ್ಲಿಯೂ ಕೇಳಿಬಂದರೆ ಅದು ತಯಾರಕನ ಸೋಮಾರಿತನದ ಗುರುತೆಂದು ತಿಳಿಯಬೇಕಾಗಿಲ್ಲ. ಮರಳಿನ ಅಂಗಳದಲ್ಲಿ ಹೊಸದಾಗಿ ಒಂದು ವಸ್ತುವನ್ನಿಟ್ಟರೆ ಅದು ಹಳೆಯ ನೂರು ವಸ್ತುಗಳೊಡನೆ ಹೊಂದಿಕೊಳ್ಳಬೇಕು. ಹೊಸ ಕತ್ತಿಯೊಂದು ಬಂದರೆ ಹಳೆಯ ಕತ್ತಿಗಳ ಬೆಲೆ ಬಿದ್ದುಹೋಗಬಹುದು; ಹೊಸ ಗಣಿಯೊಂದು ತೆರೆದರೆ ಹಳೆಯ ವ್ಯಾಪಾರಿ ದಿವಾಳಿಯಾಗಬಹುದು. ಇದನ್ನೆಲ್ಲ ಪರೀಕ್ಷಿಸದೆ ಬಡಿಸಿದರೆ ಹೊಟ್ಟೆ ಕೆಡುವುದು ನಿಶ್ಚಯ.

ಮಾತು ಕೊಟ್ಟು ಮೌನವಾದವರು

ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಪಟ್ಟಣದ ‘ಹಲೋ ಗೇಮ್ಸ್’ ಎಂಬ ಸಣ್ಣ ಸಂಸ್ಥೆಯ ಕತೆ ಈ ವಿಷಯದಲ್ಲಿ ಬಹಳ ಬೋಧಪ್ರದವಾದುದು. ೨೦೧೬ರ ಆಗಸ್ಟ್ ತಿಂಗಳಿನಲ್ಲಿ ಆ ಸಂಸ್ಥೆಯು ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟವನ್ನು ಪ್ರಕಟಿಸಿತು. ಒಂದರ ಮುಂದೆ ಹದಿನೆಂಟು ಸೊನ್ನೆ ಬರೆದರೆ ಎಷ್ಟಾಗುವುದೋ ಅದರ ಹದಿನೆಂಟು ಪಟ್ಟು ಗ್ರಹಗಳು ಅದರಲ್ಲಿ ಇರುವುವೆಂದು ಸಾರಲಾಗಿತ್ತು. ಸಂಸ್ಥೆಯ ಮುಖ್ಯಸ್ಥ ಶಾನ್ ಮರೆಯವರು ಸಂದರ್ಶನಗಳಲ್ಲಿ ಹೇಳಿದ ಮಾತುಗಳಿಂದ ಜನರ ಆಸೆ ಆಕಾಶಕ್ಕೇರಿತ್ತು. ಬೆಲೆ ೬೦ ಡಾಲರು, ಅಂದರೆ ಅಂದಿನ ಲೆಕ್ಕಕ್ಕೆ ಸುಮಾರು ೪,೦೦೦ ರೂಪಾಯಿ.

ಗ್ರಹಗಳು ಇದ್ದುದೇನೋ ನಿಜ. ಆದರೆ ಆಟವು ಬಂದ ಮೊದಲ ದಿನಗಳಲ್ಲಿಯೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತು ಹುಡುಕಿದರೂ ಒಬ್ಬರಿಗೊಬ್ಬರು ಕಾಣಿಸಲಿಲ್ಲ! ಕೂಡಿ ಆಡಬಹುದೆಂದು ನಂಬಿದ್ದವರಿಗೆ ಸಿಡಿಲು ಬಡಿದಂತಾಯಿತು. ಜಾಹೀರಾತಿನಲ್ಲಿ ತೋರಿಸಿದ ಹಲವು ಸಂಗತಿಗಳು ಆಟದಲ್ಲಿ ಇಲ್ಲವೆಂದು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರಕ್ಕೆ ದೂರು ಹೋಯಿತು. ವಿಚಾರಣೆ ನಡೆಸಿದ ಪ್ರಾಧಿಕಾರವು ಆ ವರ್ಷದ ನವೆಂಬರಿನಲ್ಲಿ ದೂರನ್ನು ತಳ್ಳಿಹಾಕಿತು. ಕಾಯಿದೆಯ ಕಣ್ಣಿಗೆ ಸಂಸ್ಥೆ ನಿರ್ದೋಷಿಯಾದರೂ ಗಿರಾಕಿಗಳ ಕಣ್ಣಿಗೆ ಆಗಲಿಲ್ಲ.

ಆಮೇಲೆ ನಡೆದುದೇ ಸ್ವಾರಸ್ಯಕರ. ಸಂಸ್ಥೆಯವರು ವಾದಕ್ಕಿಳಿಯಲಿಲ್ಲ, ಹೊಸ ಭರವಸೆಗಳನ್ನೂ ಕೊಡಲಿಲ್ಲ. ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕುಳಿತರು. ೨೦೧೬ರ ನವೆಂಬರಿನಲ್ಲಿ ಮೊದಲ ದೊಡ್ಡ ಅಪ್‌ಡೇಟ್ ಬಂತು. ೨೦೧೮ರ ಜುಲೈ ತಿಂಗಳಿನಲ್ಲಿ ಬಂದ ಅಪ್‌ಡೇಟಿನಿಂದ ಒಬ್ಬರನ್ನೊಬ್ಬರು ಕಂಡು ಕೂಡಿ ಆಡುವುದು ಸಾಧ್ಯವಾಯಿತು. ಅಲ್ಲಿಂದಾಚೆಗೂ ವರ್ಷ ವರ್ಷವೂ ಸೇರಿಸುತ್ತ ಬಂದರು, ಒಂದಕ್ಕೂ ಹಣ ಕೇಳಲಿಲ್ಲ. ಮೊದಲು ಛೀಮಾರಿ ಹಾಕಿದ್ದ ಆಟಗಾರರ ಒಟ್ಟು ಅಭಿಪ್ರಾಯವು ‘ಸ್ಟೀಮ್’ ಎಂಬ ಆಟಗಳ ಅಂಗಡಿಯಲ್ಲಿ ೨೦೨೪ರ ಕೊನೆಯ ವೇಳೆಗೆ ಬಹಳ ಮೆಚ್ಚುಗೆಯೆಂಬ ಮಟ್ಟಕ್ಕೆ ಏರಿತು. ಕಳೆದುಹೋದ ಹೆಸರನ್ನು ಮರಳಿ ಪಡೆಯಲು ಎಂಟು ವರ್ಷ ಬೇಕಾಯಿತೆಂಬುದನ್ನು ವಾಚಕರು ಗಮನಿಸಬೇಕು.

ರುಚಿಯನ್ನೇ ಬದಲಿಸಿದವರು

ಇದಕ್ಕೆ ತೀರ ವಿರುದ್ಧವಾದುದು ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಎಂಬ ಆಟದ ಗತಿ. ೨೦೦೩ರಲ್ಲಿ ಆರಂಭವಾದ ಈ ಆಟದಲ್ಲಿ ಯುದ್ಧವೀರನೇ ಆಗಬೇಕೆಂಬ ನಿರ್ಬಂಧವಿರಲಿಲ್ಲ. ದರ್ಜಿ, ಅಡುಗೆಯವ, ನರ್ತಕಿ, ವೈದ್ಯ ಮುಂತಾಗಿ ಮೂವತ್ತಕ್ಕೂ ಮಿಕ್ಕ ವೃತ್ತಿಗಳಿದ್ದುವು. ಜನರು ವರ್ಷಗಟ್ಟಲೆ ಶ್ರಮಿಸಿ ತಮ್ಮ ತಮ್ಮ ಕಸುಬಿನಲ್ಲಿ ಹೆಸರು ಗಳಿಸಿದ್ದರು. ೨೦೦೫ರ ನವೆಂಬರಿನಲ್ಲಿ ಸೋನಿ ಸಂಸ್ಥೆಯವರು ಹೊಸಬರನ್ನು ಸೆಳೆಯುವ ಆಸೆಯಿಂದ ಆಟದ ಬುಡವನ್ನೇ ಬದಲಿಸಿ ವೃತ್ತಿಗಳನ್ನು ಒಂಬತ್ತಕ್ಕೆ ಇಳಿಸಿದರು. ಅದೇ ತಿಂಗಳ ಮೊದಲಲ್ಲಿ ಹಳೆಯ ಆಟಗಾರರಿಗೆ ಹೊಸ ಭಾಗವೊಂದನ್ನು ಮಾರಿದ್ದರು. ಆ ಹಣ ತೆತ್ತವರಿಗೆ ತಾವು ಕೊಂಡುದು ಬೇರೆಯೇ ಆಟದ ಭಾಗವೆಂದು ಕೆಲವೇ ದಿನಗಳಲ್ಲಿ ತಿಳಿಯಿತು. ಗದ್ದಲವೆದ್ದು ಹಣ ಹಿಂದಿರುಗಿಸುವ ಏರ್ಪಾಡು ಮಾಡಬೇಕಾಯಿತು. ಹೊಸಬರು ನಿರೀಕ್ಷಿಸಿದಷ್ಟು ಬರಲಿಲ್ಲ, ಹಳಬರು ಹೊರಟುಹೋದರು. ೨೦೧೧ರ ಡಿಸೆಂಬರ್ ೧೫ರಂದು ಆಟವು ಶಾಶ್ವತವಾಗಿ ಮುಚ್ಚಿತು.

ಇಡ್ಲಿಯ ಹೋಟೆಲಿಗೆ ಬರುವ ಹಳೆಯ ಗಿರಾಕಿಯನ್ನು ಕಡೆಗಣಿಸಿ, ಎದುರು ಬೀದಿಯ ಚೈನೀಸ್ ಗಾಡಿಯ ಗಿರಾಕಿಯನ್ನು ಸೆಳೆಯಲು ಹೋದವರ ಪಾಡು ಏನಾಗುವುದೆಂದು ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ.

ಗಿರಾಕಿಗಳ ಪಂಚಾಯಿತಿ

ಐಸ್‌ಲೆಂಡಿನ ಸಿಸಿಪಿ ಎಂಬ ಸಂಸ್ಥೆಯ ‘ಈವ್ ಆನ್‌ಲೈನ್’ ೨೦೦೩ರ ಮೇ ತಿಂಗಳಿನಲ್ಲಿ ಆರಂಭವಾದುದು. ಆಟಗಾರರು ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿ ಸಂಸ್ಥೆಯೊಡನೆ ಮಾತುಕತೆಗೆ ಕಳುಹಿಸುವ ಪರಿಷತ್ತೊಂದು ಅಲ್ಲಿ ೨೦೦೮ರಿಂದ ಉಂಟು. ೨೦೧೧ರ ಜೂನ್ ತಿಂಗಳಿನಲ್ಲಿ ಸಂಸ್ಥೆಯು ಆಟಗಾರರ ಹಳೆಯ ಬೇಡಿಕೆಗಳನ್ನು ಬದಿಗಿರಿಸಿ, ಆಟದ ಪಾತ್ರಗಳಿಗೆ ತೊಡಿಸುವ ಅಲಂಕಾರಗಳ ಅಂಗಡಿಯನ್ನು ತೆರೆಯಿತು. ಒಂಟಿ ಕಣ್ಣಿಗೆ ಹಾಕುವ ಕನ್ನಡಕವೊಂದರ ಬೆಲೆ ೬೦ ಡಾಲರಿಗೂ ಮಿಕ್ಕಿತ್ತು! ಆಟಗಾರರು ಕೆರಳಿ, ಆಟದೊಳಗಣ ದೊಡ್ಡ ಸಂತೆಯಾದ ಜಿಟಾದಲ್ಲಿ ಸಾವಿರಗಟ್ಟಲೆ ನೆರೆದು, ಎಷ್ಟು ಹೊಡೆದರೂ ಒಡೆಯದ ಸ್ಮಾರಕವೊಂದಕ್ಕೆ ತಮ್ಮ ಹಡಗುಗಳಿಂದ ಗುಂಡು ಹಾರಿಸಿ ಸತ್ಯಾಗ್ರಹ ಹೂಡಿದರು. ಅನೇಕರು ಚಂದಾ ನಿಲ್ಲಿಸಿದರು. ಸಂಸ್ಥೆಯು ಪರಿಷತ್ತಿನವರನ್ನು ಐಸ್‌ಲೆಂಡಿಗೆ ಕರೆಸಿ ಮಾತನಾಡಿಸಿತು. ಅಕ್ಟೋಬರಿನಲ್ಲಿ ಅದರ ಮುಖ್ಯಸ್ಥ ಹಿಲ್ಮಾರ್ ಪೇತುರ್ಸನ್ ಬಹಿರಂಗ ಪತ್ರದಲ್ಲಿ ಕ್ಷಮೆ ಕೇಳಿ, ಹಳೆಯ ಆಟವನ್ನು ತಿದ್ದುವ ಕೆಲಸಕ್ಕೆ ಮರಳುವುದಾಗಿ ಒಪ್ಪಿಕೊಂಡರು.

ಇಷ್ಟರಲ್ಲಿಯೇ ನಿಲ್ಲಿಸಿದರೆ ಕತೆ ಸುಖಾಂತವಾಗುತ್ತಿತ್ತು. ಆದರೆ ಅದೇ ಅಕ್ಟೋಬರಿನಲ್ಲಿ ಸಂಸ್ಥೆಯು ತನ್ನ ಕೆಲಸಗಾರರಲ್ಲಿ ಐದರಲ್ಲೊಂದು ಪಾಲಿನಷ್ಟು ಜನರನ್ನು ಮನೆಗೆ ಕಳುಹಿಸಿತು. ಅಂಗಡಿಯನ್ನು ತೆರೆಯಲು ತೀರ್ಮಾನಿಸಿದವರು ಮೇಲಿನವರು. ಕೆಲಸ ಕಳೆದುಕೊಂಡವರು ಕೆಳಗಿನವರು. ಧಣಿಯ ಎಣಿಕೆ ತಪ್ಪಿದಾಗ ಮೊದಲು ಲೆಕ್ಕ ಚುಕ್ತಾ ಆಗುವುದು ಮಾಣಿಯದೇ ಎಂಬುದನ್ನು ನಮ್ಮ ವಾಚಕರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮುಂಗಡದ ಮೆಸ್ಸು

ಈ ಪೇಠೆಯ ಮೆಸ್ಸುಗಳಲ್ಲಿ ತಿಂಗಳ ಹಣವನ್ನು ಮುಂಗಡವಾಗಿ ಕೊಡುವ ಪದ್ಧತಿಯುಂಟು. ಕೊಟ್ಟವನು ತಿಂಗಳ ಕೊನೆಯವರೆಗೂ ನಂಬಿಕೆಯ ಮೇಲೆ ಉಣ್ಣುವನು. ಆಟಗಳಲ್ಲಿಯೂ ಇದೇ ಪದ್ಧತಿ ಬೆಳೆದಿದೆ. ಮುಗಿಯದ ಆಟಕ್ಕೆ ಮೊದಲೇ ಹಣ. ‘ಸ್ಟಾರ್ ಸಿಟಿಜನ್’ ಎಂಬ ಆಟಕ್ಕೆ ೨೦೧೨ರಲ್ಲಿ ಜನರಿಂದ ಹಣವೆತ್ತಲು ತೊಡಗಿದಾಗ ೨೦೧೪ರಲ್ಲಿ ಸಿದ್ಧವಾಗುವುದೆಂದು ಹೇಳಲಾಗಿತ್ತು. ೨೦೨೪ರ ವೇಳೆಗೆ ಕೂಡಿದ ಹಣವು ೭೦ ಕೋಟಿ ಡಾಲರುಗಳನ್ನು ದಾಟಿತ್ತು. ಆಟವು ಮಾತ್ರ ಆಗಲೂ ಪೂರ್ಣವಾಗಿರಲಿಲ್ಲ. ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಡಿಸುತ್ತಿದ್ದುದರಿಂದ ಇದನ್ನು ಮೋಸವೆನ್ನಲಾಗದು, ಊಟವಾಯಿತೆನ್ನಲೂ ಆಗದು.

ಮೊದಲು ಹೊಗಳಿದ ಮೈನ್‌ಕ್ರಾಫ್ಟೂ ಈ ತೊಡಕಿನಿಂದ ಪಾರಾಗಲಿಲ್ಲ. ೨೦೨೦ರ ಅಕ್ಟೋಬರಿನಲ್ಲಿ ಗವಿಗಳ ಮತ್ತು ಬೆಟ್ಟಗಳ ದೊಡ್ಡ ಅಪ್‌ಡೇಟೊಂದನ್ನು ಘೋಷಿಸಿದರು. ಅದನ್ನು ಎರಡು ಕಂತುಗಳಾಗಿ ಒಡೆದು ೨೦೨೧ರ ಜೂನಿನಲ್ಲಿ ಒಂದನ್ನೂ ನವೆಂಬರಿನಲ್ಲಿ ಇನ್ನೊಂದನ್ನೂ ಕೊಡಬೇಕಾಯಿತು. ಅಂದು ತೋರಿಸಿದ್ದ ಉತ್ಖನನದ ಸೌಲಭ್ಯವು ಬಂದುದು ೨೦೨೩ರ ಜೂನಿನಲ್ಲಿ. ಸಾಮಾನು ಕಟ್ಟುವ ಗಂಟು ಬಂದುದು ೨೦೨೪ರಲ್ಲಿ! ವರ್ಷಕ್ಕೊಮ್ಮೆ ಮೂರು ಹೊಸ ಪ್ರಾಣಿಗಳ ಚಿತ್ರ ತೋರಿಸಿ ಮತ ಕೇಳಿ, ಗೆದ್ದ ಒಂದನ್ನು ಮಾತ್ರ ಆಟಕ್ಕೆ ಸೇರಿಸುವ ಪದ್ಧತಿಯನ್ನೂ ಇಟ್ಟುಕೊಂಡಿದ್ದರು. ೨೦೨೩ರಲ್ಲಿ ಲಕ್ಷಗಟ್ಟಲೆ ಆಟಗಾರರು ಸಹಿ ಹಾಕಿ ಇದನ್ನು ವಿರೋಧಿಸಿದರು. ಮೂರು ತಿಂಡಿಗಳ ಪರಿಮಳವನ್ನು ಮೂಗಿಗೆ ಹಿಡಿದು ಎರಡನ್ನು ಒಳಗೆ ಒಯ್ದರೆ ಯಾರಿಗೆ ಸಿಟ್ಟು ಬಾರದು? ೨೦೨೪ರಲ್ಲಿ ಆ ಮತದಾನವನ್ನು ಕೈಬಿಟ್ಟರು. ವರ್ಷಕ್ಕೊಂದು ದೊಡ್ಡ ಔತಣದ ಬದಲು ಆಗಾಗ ಸಣ್ಣ ಸಣ್ಣ ಅಪ್‌ಡೇಟುಗಳನ್ನು ಕೊಡುವುದಾಗಿ ಸಾರಿದರು.

ನಮ್ಮ ನಾಡಿನ ಅನುಭವ

ಹೊರದೇಶದ ಮಾತು ಸಾಕು. ನಮ್ಮ ಕಡೆಯದನ್ನು ನೋಡೋಣ. ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಆಟಗಳು ಮರಳಿನ ಅಂಗಳದವಲ್ಲ, ಕಾಳಗದ ಕಣದವು. ಆದರೆ ಅವೂ ಋತುವಿಗೊಂದು ಹೊಸ ಸಾಮಗ್ರಿಯನ್ನು ಬಡಿಸುತ್ತ ಮುಗಿಯದೆ ಸಾಗುವಂತಹವು. ಆದುದರಿಂದ ನಿರೀಕ್ಷೆಯ ಪ್ರಶ್ನೆ ಅಲ್ಲಿಯೂ ಒಂದೇ.

೨೦೨೦ರ ಸೆಪ್ಟೆಂಬರ್ ೨ರಂದು ಭಾರತ ಸರಕಾರವು ೧೧೮ ಆ್ಯಪುಗಳನ್ನು ನಿಷೇಧಿಸಿದಾಗ ‘ಪಬ್‌ಜಿ ಮೊಬೈಲ್’ ಆಟವೂ ನಿಂತುಹೋಯಿತು. ಎರಡೇ ದಿನಗಳಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ‘ಫೌಜಿ’ ಎಂಬ ಸ್ವದೇಶಿ ಆಟದ ಘೋಷಣೆಯಾಯಿತು. ಪಬ್‌ಜಿಯ ಬದಲಿಗೆ ಪಬ್‌ಜಿಯಂತಹುದೇ ಬರುವುದೆಂದು ಜನರು ತಾವಾಗಿಯೇ ಭಾವಿಸಿಕೊಂಡರು. ೨೦೨೧ರ ಜನವರಿ ೨೬ರಂದು ಬಂದ ಆಟದಲ್ಲಿದ್ದುದು ಗಾಲ್ವಾನ್ ಕಣಿವೆಯ ಕತೆಯ ಭಾಗ ಮಾತ್ರ; ನೂರು ಜನ ಕೂಡಿ ಕಾದಾಡುವ ಕಣವಿರಲಿಲ್ಲ. ಅಭಿಮಾನದಿಂದ ತೆರೆದವರೇ ನಿರಾಶೆಯಿಂದ ಕಡಮೆ ಅಂಕ ಕೊಟ್ಟರು. ಕೆಲವೇ ದಿನಗಳಲ್ಲಿ ಆಟದ ಅಂಕವು ಐದರಲ್ಲಿ ಮೂರರ ಆಸುಪಾಸಿಗೆ ಇಳಿಯಿತು. ತಂಡವಾಗಿ ಕಾದಾಡುವ ಭಾಗವು ಆ ವರ್ಷದ ಜೂನಿನಲ್ಲಿ ಬಂದಾಗ ಹಲವರು ಆಗಲೇ ಎದ್ದುಹೋಗಿದ್ದರು.

ಪಬ್‌ಜಿಯ ಭಾರತೀಯ ರೂಪವು ‘ಬಿಜಿಎಂಐ’ ಎಂಬ ಹೆಸರಿನಿಂದ ೨೦೨೧ರ ಜುಲೈ ೨ರಂದು ಬಂತು. ಹಳೆಯ ಖಾತೆಯಲ್ಲಿ ಹಣ ತೆತ್ತು ಕೊಂಡಿದ್ದ ಉಡುಪು ತೊಡಪುಗಳನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶವಿತ್ತರು; ಇದು ಮೆಚ್ಚತಕ್ಕ ಕೆಲಸ. ೨೦೨೨ರ ಜುಲೈ ೨೮ರಂದು ಅದೂ ಅಂಗಡಿಗಳಿಂದ ಮಾಯವಾಗಿ, ಮರುವರ್ಷದ ಮೇ ತಿಂಗಳ ಕೊನೆಗೆ ಮರಳಿತು. ಮರಳಿದಾಗ ಅಪ್ರಾಪ್ತ ವಯಸ್ಸಿನವರಿಗೆ ದಿನಕ್ಕೆ ಮೂರು ತಾಸು, ಉಳಿದವರಿಗೆ ಆರು ತಾಸು ಎಂಬ ಮಿತಿಯನ್ನು ಹಾಕಲಾಗಿತ್ತು.

ನಾವು ನೆಲಸಿರುವ ಈ ಪುಣೆಯಲ್ಲಿಯೇ ‘ಸೂಪರ್‌ಗೇಮಿಂಗ್’ ಎಂಬ ಸಂಸ್ಥೆಯಿದೆ. ಅದು ‘ಇಂಡಸ್’ ಎಂಬ ಆಟವನ್ನು ೨೦೨೨ರಲ್ಲಿಯೇ ಘೋಷಿಸಿತು. ಒಂದು ಕೋಟಿಗೂ ಮಿಕ್ಕ ಜನರು ಹೆಸರು ನೋಂದಾಯಿಸಿ ಕಾದರು. ಆಟವು ಎಲ್ಲರ ಕೈಗೆ ಬಂದುದು ೨೦೨೪ರ ಅಕ್ಟೋಬರಿನಲ್ಲಿ. ಕಾಯಿಸಿದ್ದು ದೀರ್ಘವಾಯಿತೆಂದು ಹಲವರು ಗೊಣಗಿದರು. ಆದರೆ ಅರೆಬೆಂದುದನ್ನು ಬಡಿಸಿ ಬೈಸಿಕೊಳ್ಳುವುದಕ್ಕಿಂತ ಸ್ವಲ್ಪ ಜನರಿಗೆ ರುಚಿ ತೋರಿಸಿ, ಕೇಳಿ, ತಿದ್ದಿ, ತಡವಾಗಿ ಬಡಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ಒಬ್ಬ ಮಾಣಿಯ ಮಾತು

ಕೆಲವು ತಿಂಗಳ ಹಿಂದೆ ಪೇರುಗೇಟಿನ ಸಮೀಪದ ಹೋಟೆಲೊಂದರಲ್ಲಿ, ಕುಂದಾಪುರದ ಕಡೆಯ ಹುಡುಗನೊಬ್ಬನು ರಾತ್ರಿಯ ಕೆಲಸ ಮುಗಿಸಿ ಮೊಬೈಲಿನಲ್ಲಿ ಸಿಟ್ಟಿನಿಂದ ಏನನ್ನೋ ಬರೆಯುತ್ತಿದ್ದುದನ್ನು ಕಂಡೆವು. ಏನೆಂದು ವಿಚಾರಿಸಿದಾಗ, “ಹದಿನೈದನೇ ತಾರೀಕಿಗೆ ಅಪ್‌ಡೇಟ್ ಅಂದಿದ್ರು ಧಣೀ, ಇವತ್ತು ಇಪ್ಪತ್ತು. ಸಮಾ ಬೈದು ಬರೀತಾ ಇದ್ದೇನೆ” ಎಂದನು.

“ಇವತ್ತು ಮಧ್ಯಾಹ್ನ ಆರನೇ ಮೇಜಿನವರು ನಿನಗೆ ಯಾಕೆ ಬೈದರು ಮಾಣಿ?” ಎಂದು ಕೇಳಿದೆವು.

“ಮಸಾಲೆ ದೋಸೆ ತಡವಾಯಿತು ಅಂತ. ನಾನೇನು ಮಾಡ್ಲಿ, ಒಳಗೆ ಕಾವಲಿ ಒಂದೇ. ಬರೋದು ತಡ ಆಗ್ತದೆ ಅಂತ ಮೊದಲೇ ಹೇಳಿದ್ದರೆ ಅವರೂ ಇಡ್ಲಿ ತಗೊಳ್ತಿದ್ರು. ಈಗ ಬಂತು, ಈಗ ಬಂತು ಅಂತ ಹೇಳು ಅಂದದ್ದು ಗಲ್ಲಾದವರು.”

ಅಷ್ಟು ಹೇಳಿ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದುದನ್ನು ಅಳಿಸಿ, “ಹಾಗಾದರೆ ಇದರಲ್ಲೂ ಗಲ್ಲಾದವರು ಬೇರೆ, ಕಾವಲಿಯವರು ಬೇರೆ ಇರ್ತಾರೆ ಅನ್ನಿ” ಎಂದು ನಕ್ಕನು.

ಇಡೀ ವಿಷಯದ ತಿರುಳನ್ನು ಆ ಹುಡುಗನು ನಮಗಿಂತ ಚೆನ್ನಾಗಿ ಹೇಳಿಬಿಟ್ಟನು. ಹಗಲು ಬಡಿಸುವವನಾಗಿ ಬೈಸಿಕೊಳ್ಳುವವನೇ ರಾತ್ರಿ ಗಿರಾಕಿಯಾಗಿ ಬೈಯುವನು. ನೋ ಮ್ಯಾನ್ಸ್ ಸ್ಕೈ ಆಟದ ದಿನಾಂಕವನ್ನು ೨೦೧೬ರಲ್ಲಿ ಕೆಲವು ವಾರ ಮುಂದೂಡಿದಾಗ ಶಾನ್ ಮರೆಯವರಿಗೆ ಕೊಲೆ ಬೆದರಿಕೆಗಳೇ ಬಂದಿದ್ದುವು! ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಈ ಕಸುಬಿನಲ್ಲಿ ದುಡಿಯುವವರು ನಮ್ಮವರ ಮಕ್ಕಳೇ. ಪ್ರಶ್ನಿಸುವ ಹಕ್ಕು ಹಣ ತೆತ್ತವನಿಗೆ ಸಂಪೂರ್ಣವಾಗಿ ಉಂಟು; ಅವಮಾನಿಸುವ ಹಕ್ಕು ಯಾರಿಗೂ ಇಲ್ಲ.

ಪುಣೇರಿ ಪಾಟಿಯ ನ್ಯಾಯ

ಹಾಗಾದರೆ ತಯಾರಕನು ಮಾಡಬೇಕಾದುದೇನು? ಇದಕ್ಕೆ ಉತ್ತರವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಸದಾಶಿವ ಪೇಠೆಯ ಗೋಡೆಗಳ ಮೇಲೆಯೇ ಇದೆ. ಪುಣೇರಿ ಪಾಟಿ ಎಂದು ಹೆಸರಾದ ಇಲ್ಲಿಯ ಸೂಚನಾ ಫಲಕಗಳನ್ನು ನಮ್ಮವರು ಕಂಡು ನಗುವುದುಂಟು. ಇದು ಸಿಗುವುದು, ಇದು ಸಿಗದು, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಮುಚ್ಚಿರುವುದು, ಮತ್ತೆ ಕೇಳಬೇಡಿರಿ ಎಂದು ಖಡಾಖಂಡಿತವಾಗಿ ಬರೆದಿರುವರು. ಮಾತು ಒರಟು, ಆದರೆ ಓದಿದವನಿಗೆ ಮೋಸವಿಲ್ಲ. ಫಲಕವನ್ನು ನೋಡಿ ಒಳಗೆ ಹೋದವನು ನಿರಾಶನಾಗುವ ಸಂಭವವೇ ಇಲ್ಲ.

ಆಟಗಳ ಲೋಕದಲ್ಲಿ ಈ ಫಲಕವನ್ನು ಕಾಯಿದೆಯೇ ಹಾಕಿಸಬೇಕಾಗಿ ಬಂತು. ಯೂಬಿಸಾಫ್ಟ್ ಸಂಸ್ಥೆಯ ‘ದಿ ಕ್ರ್ಯೂ’ ಎಂಬ ಕಾರು ಓಡಿಸುವ ಆಟವು ೨೦೧೪ರಲ್ಲಿ ಬಂದುದು. ೨೦೨೪ರ ಮಾರ್ಚ್ ೩೧ರಂದು ಅದರ ಸರ್ವರನ್ನು ನಿಲ್ಲಿಸಿದಾಗ ಹಣ ತೆತ್ತು ಕೊಂಡವರ ಬಳಿ ಇದ್ದ ಪ್ರತಿಯೂ ಕೆಲಸಕ್ಕೆ ಬಾರದಾಯಿತು. ಕೊಂಡುದು ನಮ್ಮದಲ್ಲವೇ ಎಂಬ ಪ್ರಶ್ನೆಯನ್ನೆತ್ತಿ ಯುರೋಪಿನಲ್ಲಿ ಮನವಿಯೊಂದನ್ನು ಹೊರಡಿಸಿದರು. ೨೦೨೫ರ ಜುಲೈ ತಿಂಗಳಿನಲ್ಲಿ ಅದರ ಸಹಿಗಳು ಹತ್ತು ಲಕ್ಷವನ್ನು ದಾಟಿದುವು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಕಾನೂನಿನ ಮೂಲಕ, ಮಾರುವವನು ಕೊಡುತ್ತಿರುವುದು ವಸ್ತುವಿನ ಒಡೆತನವಲ್ಲ, ಬಳಸುವ ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿತು. ಇದು ಕಾಯಿದೆಯ ರೂಪದ ಪುಣೇರಿ ಪಾಟಿಯಲ್ಲದೆ ಮತ್ತೇನು?

ಭಾರತದಲ್ಲಿ ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗಳನ್ನೂ ಪಣವಿಲ್ಲದ ಸಾಮಾಜಿಕ ಆಟಗಳನ್ನೂ ಬೇರ್ಪಡಿಸಿತು. ಇದು ಜೂಜಿನ ಪಿಡುಗಿಗೆ ಸಂಬಂಧಪಟ್ಟುದು. ಕೊಟ್ಟ ಮಾತಿನಂತೆ ಅಪ್‌ಡೇಟ್ ಬಾರದಿದ್ದರೆ ಅದನ್ನು ವಿಚಾರಿಸಲು ಹುಟ್ಟಿದ ಕಾಯಿದೆ ಇದಲ್ಲ. ಸುಳ್ಳು ಜಾಹೀರಾತಿನಿಂದ ವಂಚಿತರಾದವರಿಗೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯುಂಟು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫.

ಆಡುವವರಿಗೆ ಕೆಲವು ಮಾತುಗಳು

ಮೊದಲನೆಯದಾಗಿ, ಇಂದು ತಟ್ಟೆಯಲ್ಲಿರುವುದಕ್ಕೆ ಹಣ ಕೊಡಿರಿ. ನಾಳೆ ಬಡಿಸುವೆವೆಂದುದಕ್ಕೆ ಕೊಡಬೇಡಿರಿ. ಈಗ ಇರುವಷ್ಟೇ ಆಟವು ಆ ಬೆಲೆಗೆ ತಕ್ಕುದೆಂದು ಕಂಡರೆ ಕೊಳ್ಳಿರಿ. ಮುಂದೆ ಬಂದುದು ಲಾಭವೆಂದು ತಿಳಿಯಿರಿ.

ಎರಡನೆಯದಾಗಿ, ಹಣ ಹಿಂದಕ್ಕೆ ಪಡೆಯುವ ಅವಧಿಯನ್ನು ತಿಳಿದಿರಿ. ಸ್ಟೀಮ್ ಅಂಗಡಿಯಲ್ಲಿ ಕೊಂಡು ಹದಿನಾಲ್ಕು ದಿನಗಳೊಳಗೆ, ಆಡಿದುದು ಎರಡು ತಾಸಿಗಿಂತ ಕಡಮೆಯಿದ್ದರೆ, ಹಣ ಮರಳಿ ಕೇಳಬಹುದು. ಗೂಗಲ್ ಪ್ಲೇಯಲ್ಲಿ ಸಾಮಾನ್ಯವಾಗಿ ೪೮ ಗಂಟೆಗಳೊಳಗೆ ಕೇಳಿಕೊಳ್ಳಬೇಕು. ನಾಚಿಕೊಂಡು ಸುಮ್ಮನಿರುವುದರಿಂದ ನಷ್ಟವೇ ಹೊರತು ಬೇರಿಲ್ಲ.

ಮೂರನೆಯದಾಗಿ, ಹೊಸ ಉಡುಪು, ಹೊಸ ಬಂದೂಕು ಎಂದು ಋತುವಿಗೊಮ್ಮೆ ತೆಗೆಸುವ ನೂರಿನ್ನೂರು ರೂಪಾಯಿಗಳನ್ನು ಒಂದು ವರ್ಷ ಚೀಟಿಯಲ್ಲಿ ಬರೆದಿಟ್ಟು ಕೂಡಿಸಿ ನೋಡಿರಿ. ಆಟವು ಬಂದಾದ ದಿನ ಅವುಗಳಲ್ಲಿ ಒಂದೂ ಕೈಯಲ್ಲಿ ಉಳಿಯದು. ಆ ಮೊತ್ತವನ್ನು ಕಂಡ ಮೇಲೆಯೂ ಸಂತೋಷವೆನಿಸಿದರೆ ಖರ್ಚು ಮಾಡಿರಿ; ದುಡಿದವನ ಹಣ, ದುಡಿದವನ ಇಷ್ಟ.

ಕೊನೆಯದಾಗಿ, ಮರಳಿನ ಅಂಗಳದ ಆಟಗಳಲ್ಲಿ ಉಳಿದುಕೊಳ್ಳುವುದು ತಯಾರಕನು ಸುರಿದ ಮರಳಲ್ಲ, ಆಡುವವರು ಕೂಡಿ ಕಟ್ಟಿದ ಊರು. ದಿನವಿಡೀ ಬೇರೆ ಬೇರೆ ಹೋಟೆಲುಗಳಲ್ಲಿ ಚದುರಿ ದುಡಿಯುವ ನಾಲ್ವರು ಊರಿನ ಗೆಳೆಯರು ರಾತ್ರಿ ಅರ್ಧ ತಾಸು ಒಂದೆಡೆ ಸೇರಿ ಒಂದು ಮನೆಯನ್ನು ಕಟ್ಟಿದರೆ, ಆ ಸಂತೋಷಕ್ಕೆ ಯಾವ ಅಪ್‌ಡೇಟನ್ನೂ ಕಾಯಬೇಕಾಗಿಲ್ಲ. ಅರ್ಧ ತಾಸು ಮುಗಿದೊಡನೆ ಮೊಬೈಲನ್ನು ತಲೆದಿಂಬಿನ ದೂರಕ್ಕಿಟ್ಟು ಮಲಗಿರಿ. ಬೆಳಗ್ಗೆ ಐದಕ್ಕೆ ಇಡ್ಲಿಯ ಹಿಟ್ಟು ನಿಮ್ಮನ್ನು ಕಾದಿರುವುದು, ಅದನ್ನು ಮುಂದೂಡಲು ಯಾರಿಂದಲೂ ಆಗದು.